ಪೈ: ಒಂದೇ ಅಕ್ಷರದ ಅಡ್ಡಹೆಸರು



ದತ್ತಿ ಉಪನ್ಯಾಸವೆಂದರೆ ಒಬ್ಬ ಹಿರಿಯರನ್ನು ಆರಿಸಿಕೊಂಡು ಅವರ ಬದುಕು ಬರಹಗಳ ಬಗ್ಗೆ ಮಾತಾಡುವುದು ರೂಢಿ. ಈ ಸಲ ನಾನು ವ್ಯಕ್ತಿಯೊಬ್ಬರನ್ನು ಬಿಟ್ಟು ಒಂದು ಅಡ್ಡಹೆಸರನ್ನು ಆರಿಸಿಕೊಂಡಿದ್ದೇನೆ. ಅದೂ ಎಷ್ಟು ದೊಡ್ಡದು ಅಂತೀರಿ? ಒಂದೇ ಅಕ್ಷರ. ಪೈ.

ನಾನು ಓದಿದ ಕರಾವಳಿಯ ಶಾಲೆಯಲ್ಲಿ ಆರನೆಯ ತರಗತಿಗೆ ನಾಲ್ವರು ಪೈಗಳಿದ್ದರು. ಇಬ್ಬರ ಹೆಸರೂ ಒಂದೇ ಆಗಿತ್ತು. ಹಾಜರಿ ಕರೆಯುವಾಗ ಮಾಸ್ಟ್ರು ಒಬ್ಬನನ್ನು ‘ಪೇಟೆ ಪೈ’ ಎಂದೂ ಇನ್ನೊಬ್ಬನನ್ನು ‘ಕಡವಿನ ಪೈ’ ಎಂದೂ ಕರೆಯುತ್ತಿದ್ದರು. ಕಡವಿನ ಪೈಯ ಮನೆ ದೋಣಿ ದಾಟುವ ಜಾಗದ ಹತ್ತಿರ ಇತ್ತು. ಅಡ್ಡಹೆಸರು ಇರುವುದೇ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ತೋರಿಸಲಿಕ್ಕೆ ಅಂತ ನಾವು ತಿಳಿದಿರುತ್ತೇವೆ. ಆದರೆ ಈ ಹೆಸರು ಹತ್ತಾರು ಊರುಗಳಲ್ಲಿ ಹಬ್ಬಿಕೊಂಡದ್ದರಿಂದ ಅದರಿಂದ ಆ ಕೆಲಸ ಆಗುತ್ತಿರಲಿಲ್ಲ. ಊರಿನ ಹೆಸರು ಬಂದು ನೆರವಾಗಬೇಕಾಯಿತು. ಮಾಸ್ಟ್ರು ತರಗತಿಯಲ್ಲಿ ಮಾಡಿದ್ದನ್ನೇ ಕರಾವಳಿ ಹಿಂದಿನಿಂದಲೂ ಮಾಡಿಕೊಂಡು ಬಂದಿದೆ. ಮಂಜೇಶ್ವರ ಗೋವಿಂದ ಪೈ, ಅಮ್ಮೆಂಬಳ ಸುಬ್ಬರಾವ್ ಪೈ, ತೋನ್ಸೆ ಮಾಧವ ಅನಂತ ಪೈ. ಮುಂದೆ ಊರು, ನಡುವೆ ಮನುಷ್ಯ, ಹಿಂದೆ ಪೈ.

ಗೋವೆಯಲ್ಲಿ ಇದೇ ಹೆಸರು ಬೇರೆ ರೀತಿಯಲ್ಲಿ ನಡೆಯಿತು. ಅಲ್ಲಿ ಊರು ಹಿಂದೆ ಬಂದು ಪೈ ನಡುವೆ ಸೇರಿಕೊಂಡಿತು: ಪೈ ರಾಯ್ಕರ್, ಪೈ ಕಾಕೋಡೆ, ಪೈ ಪಾಣಂದೀಕರ್. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು, 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಪೀಠ ಕೂತಿತು. ಆ ಶತಮಾನದಲ್ಲಿ ದೇವರ ಮೂರ್ತಿಯನ್ನೂ ಮಕ್ಕಳನ್ನೂ ಕಟ್ಟಿಕೊಂಡು ತೆಂಕಣಕ್ಕೆ ಇಳಿದ ಕೊಂಕಣಿ ಮಾತಿನ ಕುಟುಂಬಗಳು ಭಟ್ಕಳ, ಗಂಗೊಳ್ಳಿ, ಮಂಗಳೂರು, ಮಂಜೇಶ್ವರ ಎಂದು ನೆಲೆ ಹುಡುಕುತ್ತಾ ಕೊಚ್ಚಿಯವರೆಗೆ ಹೋದವು. ಬಿಟ್ಟು ಬಂದ ಊರಿನ ಹೆಸರನ್ನು ಹಿಂದೆ ಅಂಟಿಸಿಕೊಂಡವರು ಒಂದು ಕಡೆ, ಕಾಲೂರಿ ನಿಂತ ಹೊಸ ಊರಿನ ಹೆಸರನ್ನು ಮುಂದೆ ಇಟ್ಟುಕೊಂಡವರು ಇನ್ನೊಂದು ಕಡೆ. ಅಮ್ಮೆಂಬಳ ಬಂಟ್ವಾಳದ ಕಡೆಯ ಹಳ್ಳಿ, ತೋನ್ಸೆ ಉಡುಪಿಯ ಹತ್ತಿರದ ಹಳ್ಳಿ. ಬಂದ ಊರಿಗೆ ತನ್ನ ಹೆಸರಿನ ಮೊದಲ ಜಾಗವನ್ನು ಬಿಟ್ಟುಕೊಡುವುದು ನನಗೆ ಸಣ್ಣ ಸಂಗತಿ ಅನಿಸಿಲ್ಲ. ಇವತ್ತು ನಾನು ಹೇಳಲಿರುವ ಜನರ ಗುಣವೂ ಅಲ್ಲಿಂದಲೇ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ.

ಪೈ ಎಂಬ ಶಬ್ದದ ಮೂಲದ ಬಗ್ಗೆ ಊಹೆಗಳು ಬಹಳ. ಅವುಗಳ ಬೆನ್ನು ಹತ್ತುವುದಿಲ್ಲ. ಕನ್ನಡದಲ್ಲಿ ಪೈ ಎಂದರೆ ನಾಣ್ಯವೂ ಹೌದು. ಆಣೆಗೆ ಹನ್ನೆರಡು ಪೈ, ರೂಪಾಯಿಗೆ 192. ಎರಡಕ್ಕೂ ನಂಟಿದೆ ಎಂದು ನಾನು ಹೇಳುವುದಿಲ್ಲ, ಆದರೆ ಮುಂದೆ ಆಣೆ ಪೈಗಳ ಲೆಕ್ಕ ಬರುವುದರಿಂದ ಇದೊಂದು ನಿಮ್ಮ ಮನಸ್ಸಿನಲ್ಲಿರಲಿ.

ಅಮ್ಮೆಂಬಳ ಸುಬ್ಬರಾವ್ ಪೈ ಅವರು ಹುಟ್ಟಿದ್ದು 1852ರಲ್ಲಿ, ಮೂಲ್ಕಿಯಲ್ಲಿ. ಮದರಾಸಿನಲ್ಲಿ ಓದಿ, ಮಂಗಳೂರಿನಲ್ಲಿ ವಕೀಲಿ ಮಾಡಿದರು. 1891ರಲ್ಲಿ ಕೆನರಾ ಹೈಸ್ಕೂಲು ಶುರುಮಾಡಿದರು, ಅದಾದ ಮೂರು ವರ್ಷಕ್ಕೆ ಹೆಣ್ಣುಮಕ್ಕಳಿಗೂ ಒಂದು ಶಾಲೆ ತೆರೆದರು. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸಿ ಎಂದು ಮನೆ ಮನೆಗೆ ಹೇಳುವುದು ಕೋರ್ಟಿನಲ್ಲಿ ಕೇಸು ಗೆಲ್ಲುವುದಕ್ಕಿಂತ ಕಷ್ಟದ ಕೆಲಸವಾಗಿದ್ದಿರಬೇಕು. 1906ರ ಜುಲೈ 1ರಂದು ಅವರು ಸ್ಥಾಪಿಸಿದ ಸಂಸ್ಥೆಯ ಹೆಸರು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’. 1909ರಲ್ಲಿ ಅವರು ತೀರಿಕೊಂಡರು. ಮರುವರ್ಷ ಫಂಡು ‘ಕೆನರಾ ಬ್ಯಾಂಕ್ ಲಿಮಿಟೆಡ್’ ಆಯಿತು. ಹೆಸರಿನೊಳಗಿದ್ದ ಧರ್ಮದ ಗುರುತು ಉದುರಿ ನಾಡಿನ ಹೆಸರೊಂದೇ ಉಳಿಯಿತು. ಅದೇ 1906ರಲ್ಲಿ ಉಡುಪಿಯಲ್ಲಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಇನ್ನೊಂದು ಬ್ಯಾಂಕು ಕಟ್ಟಿದರು ಎಂಬುದನ್ನೂ ಇಲ್ಲೇ ಹೇಳಬೇಕು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಯಿತು. ಕರಾವಳಿಯ ಬ್ಯಾಂಕುಗಳ ಕತೆಯನ್ನು ಒಂದೇ ಸಮಾಜದ ಕತೆಯಾಗಿ ಹೇಳುವವರು ಈ ಹೆಸರನ್ನು ಮರೆಯುತ್ತಾರೆ.

ಈಗ ಎರಡಾಣೆಯ ವಿಷಯಕ್ಕೆ ಬರುತ್ತೇನೆ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆ ಶುರುಮಾಡಿದರು. ಮೂವರಲ್ಲಿ ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಶ್ರೀನಿವಾಸ ಕುಡ್ವ ಎಂಜಿನಿಯರು, ಉಪೇಂದ್ರ ಪೈಯವರ ತಮ್ಮ ತೋನ್ಸೆ ಮಾಧವ ಅನಂತ ಪೈ ಡಾಕ್ಟರು. ಮೂಲ ಬಂಡವಾಳ 8,000 ರೂಪಾಯಿ. ಕೈಮಗ್ಗದ ಕಸುಬು ನೆಲಕಚ್ಚಿ ಕರಾವಳಿಯ ನೇಕಾರರು ಕಂಗಾಲಾಗಿದ್ದ ಹೊತ್ತದು. ಅವರಿಗೆ ನೂಲಿಗೂ ಮಗ್ಗಕ್ಕೂ ಹಣ ಬೇಕಿತ್ತು, ಸಾಲ ಕೊಡುವವರು ಬೇಕಿತ್ತು. ಸಾಲ ಕೊಡಬೇಕಾದರೆ ಠೇವಣಿ ಬರಬೇಕು. ಠೇವಣಿ ಇಡುವಷ್ಟು ಹಣ ಇದ್ದವರು ಎಷ್ಟು ಮಂದಿ? ಆಗ 1928ರಲ್ಲಿ ಬಂದದ್ದು ಪಿಗ್ಮಿ. ದಿನಕ್ಕೆ ಎರಡಾಣೆ ಸಾಕು, ಅದನ್ನು ಕಟ್ಟಲು ಬ್ಯಾಂಕಿಗೆ ಹೋಗುವುದೂ ಬೇಡ, ಬ್ಯಾಂಕಿನ ಮನುಷ್ಯನೇ ಮನೆ ಬಾಗಿಲಿಗೆ ಬರುತ್ತಾನೆ.

ಎರಡಾಣೆ ಎಂದರೆ ಇಪ್ಪತ್ತನಾಲ್ಕು ಪೈ. ರೂಪಾಯಿಯ ಎಂಟರಲ್ಲಿ ಒಂದು ಪಾಲು. ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವಳು, ಗೂಡಂಗಡಿಯವ, ಕ್ಷೌರದವ, ಇವರೆಲ್ಲರ ಕೈಯಲ್ಲಿ ಸಂಜೆಗೆ ಉಳಿಯುವ ಚಿಲ್ಲರೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಯೋಜನೆ ಅದು. ಬಡವರಲ್ಲಿ ಉಳಿತಾಯವೇ ಇಲ್ಲ ಎಂದು ಓದಿದವರು ಹೇಳುತ್ತಿದ್ದ ದಿನಗಳಲ್ಲಿ, ಇದೆ, ಆದರೆ ಅದು ರಾತ್ರಿಯಾಗುವ ಮೊದಲೇ ಕರಗಿ ಹೋಗುತ್ತದೆ ಎಂದು ಕಂಡುಕೊಂಡವರು ಇವರು. ಡಾಕ್ಟರ ಕಣ್ಣು ಅದು ಎಂದು ನನಗೆ ಅನ್ನಿಸುತ್ತದೆ. ರೋಗಿ ಔಷಧಿ ಯಾಕೆ ತೆಗೆದುಕೊಳ್ಳುತ್ತಿಲ್ಲ ಎಂದು ಕೇಳುವಾಗ ಮನೆಯ ಸ್ಥಿತಿಯನ್ನೂ ಕೇಳಿ ತಿಳಿದ ಕಣ್ಣು.

ಪಿಗ್ಮಿ ಆಮೇಲೆ ಆ ಒಂದು ಬ್ಯಾಂಕಿನ ಸೊತ್ತಾಗಿ ಉಳಿಯಲಿಲ್ಲ. ಊರೂರಿನ ಸಹಕಾರಿ ಸೊಸೈಟಿಗಳು ಅದನ್ನು ಎತ್ತಿಕೊಂಡವು. ಕರಾವಳಿಯಲ್ಲಿ ‘ಪಿಗ್ಮಿಯವ ಬಂದ’ ಎಂಬ ಮಾತು ‘ಹಾಲಿನವ ಬಂದ’ ಎಂಬಷ್ಟೇ ಸಹಜ. ನಮ್ಮ ಮನೆಗೆ ಬರುತ್ತಿದ್ದವರು ಸಂಜೆ ಐದರ ಹೊತ್ತಿಗೆ ಗೇಟಿನಲ್ಲಿ ಸೈಕಲ್ ಬೆಲ್ ಬಾರಿಸುತ್ತಿದ್ದರು. ಅಮ್ಮ ಅಕ್ಕಿ ಡಬ್ಬಿಯ ಮುಚ್ಚಳದಡಿಯಿಂದ ಎರಡು ರೂಪಾಯಿ ತೆಗೆದು ಕೊಡುತ್ತಿದ್ದಳು. ಅವರು ಕಾರ್ಡಿನ ಚೌಕದಲ್ಲಿ ಬರೆದು ಸಹಿ ಹಾಕಿ ಹೋಗುತ್ತಿದ್ದರು. ಮಳೆಗಾಲದಲ್ಲಿ ಆ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಬರುತ್ತಿದ್ದರು. ಅಮ್ಮನ ಆ ಕಾರ್ಡಿನ ವಿಷಯ ಕೊನೆಗೆ ಮತ್ತೆ ಹೇಳುತ್ತೇನೆ.

1969ರ ಜುಲೈ 19ರಂದು ರಾಷ್ಟ್ರೀಕರಣವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ಆಗ ಸಿಂಡಿಕೇಟಿನ ಚುಕ್ಕಾಣಿ ಹಿಡಿದಿದ್ದವರು ಉಪೇಂದ್ರ ಪೈಯವರ ಮಗ ಟಿ. ಎ. ಪೈ. ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿದ್ದವರು, ಮುಂದೆ 1972ರಲ್ಲಿ ರೈಲ್ವೆ ಮಂತ್ರಿಯಾದವರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮಂಗಳೂರಿನ ವಕೀಲರ ಫಂಡೂ ಉಡುಪಿಯ ಡಾಕ್ಟರ ಸಿಂಡಿಕೇಟೂ ಈಗ ಒಂದೇ ಬೋರ್ಡಿನ ಕೆಳಗಿವೆ. ಉಡುಪಿಯಲ್ಲಿ ಹುಟ್ಟಿದ ಹೆಸರೊಂದು ಅಳಿಸಿಹೋದದ್ದು ನನ್ನ ತಲೆಮಾರಿನವರಿಗೆ ಇನ್ನೂ ನೋವಿನ ಸಂಗತಿ. ಅದನ್ನು ಮುಚ್ಚಿಡುವುದಿಲ್ಲ.

ಡಾಕ್ಟರ್ ಟಿ. ಎಂ. ಎ. ಪೈ (1898–1979) ಅವರ ಇನ್ನೊಂದು ಕೆಲಸ ಮಣಿಪಾಲ. ‘ಮಣ್ಣುಪಳ್ಳ’ ಎಂಬ ಕೆರೆಯಿಂದ ಹೆಸರು ಪಡೆದ ಬೋಳು ಗುಡ್ಡದ ಮೇಲೆ 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಎದ್ದು ನಿಂತಿತು. ಸರಕಾರದ ಹಣವಿಲ್ಲದೆ, ವಿದ್ಯಾರ್ಥಿಗಳು ಕೊಟ್ಟ ಹಣದಿಂದ ನಡೆಯುವ ಮೆಡಿಕಲ್ ಕಾಲೇಜು ಈ ದೇಶದಲ್ಲಿ ಅದೇ ಮೊದಲು. ರೋಗಿಗಳನ್ನು ನೋಡಿ ಕಲಿಯಲಿಕ್ಕೆ ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯನ್ನು ಬಳಸಿಕೊಂಡ ಏರ್ಪಾಡೂ ಹೊಸದು. ಈ ದಾರಿ ಕರ್ನಾಟಕಕ್ಕೆ ಸಾವಿರಾರು ಡಾಕ್ಟರುಗಳನ್ನು ಕೊಟ್ಟಿತು. ಇದೇ ದಾರಿಯಲ್ಲಿ ಆಮೇಲೆ ಬಂದ ಎಷ್ಟೋ ಕಡೆ ‘ಡೊನೇಷನ್’ ಎಂಬ ಮಾತು ತಂದೆತಾಯಂದಿರ ನಿದ್ದೆ ಕೆಡಿಸಿತು, 1984ರಲ್ಲಿ ಅದನ್ನು ತಡೆಯಲು ಕರ್ನಾಟಕ ಕಾಯಿದೆಯನ್ನೇ ಮಾಡಬೇಕಾಯಿತು. ದಾರಿ ಕಡಿದವರನ್ನು ಅದಕ್ಕೆಲ್ಲ ಹೊಣೆ ಮಾಡುವುದು ಅನ್ಯಾಯ. ಆದರೆ ಆ ದಾರಿ ಎಲ್ಲಿಗೆ ಹೋಯಿತು ಎಂದು ನೋಡದೆ ಬರೀ ಹೊಗಳುವುದೂ ಅವರಿಗೆ ಗೌರವವಲ್ಲ.

ಅವರ ಹೆಸರು ಇವತ್ತು ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯ ಬಾಯಲ್ಲಿದೆ. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿಗೆ ‘ಟಿ. ಎಂ. ಎ. ಪೈ ಫೌಂಡೇಷನ್ ಪ್ರಕರಣ’ ಎಂದೇ ಹೆಸರು. ಖಾಸಗಿ ಕಾಲೇಜು ನಡೆಸುವವರ ಹಕ್ಕು ಎಷ್ಟು, ಅಲ್ಪಸಂಖ್ಯಾತರೆಂದು ಯಾರನ್ನು ಕರೆಯಬೇಕು ಎಂಬುದು ಅಲ್ಲಿನ ಪ್ರಶ್ನೆಗಳು. ಅಲ್ಪಸಂಖ್ಯಾತರು ಯಾರೆಂದು ಆಯಾ ರಾಜ್ಯದ ಲೆಕ್ಕದಲ್ಲಿ ತೀರ್ಮಾನಿಸಬೇಕು ಎಂದು ಕೋರ್ಟು ಹೇಳಿತು. ಆ ವ್ಯಾಜ್ಯದ ಬೇರಿನಲ್ಲಿ ಕರ್ನಾಟಕದಲ್ಲಿ ಕೊಂಕಣಿ ಮಾತಾಡುವವರು ಭಾಷಾ ಅಲ್ಪಸಂಖ್ಯಾತರು ಎಂಬ ವಾದವಿತ್ತು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂದು ಬೆಳೆದ ನಮಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ನಾನು ಎಣಿಕೆಯಲ್ಲಿ ಯಾರ ಕಡೆ ಎಂದು ಕೇಳಿದರೆ ಈಗಲೂ ಒಂದು ಗಳಿಗೆ ತಡೆದು ಉತ್ತರ ಹೇಳಬೇಕಾಗುತ್ತದೆ.

ಅದೇ ಪ್ರಶ್ನೆಗೆ ಬದುಕಿನಿಂದಲೇ ಉತ್ತರ ಕೊಟ್ಟವರು ಮಂಜೇಶ್ವರದ ಗೋವಿಂದ ಪೈಗಳು. ಈ ಉಪನ್ಯಾಸಕ್ಕೆ ಒಪ್ಪಿಕೊಂಡಾಗ ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಅವರೇ.

1883ರ ಮಾರ್ಚ್ 23ರಂದು ಮಂಜೇಶ್ವರದಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ತಂದೆಯ ಊರು ಮಂಗಳೂರು. ಮನೆಮಾತು ಕೊಂಕಣಿ, ಅಂಗಳದ ಮಾತು ತುಳು, ನಾಲ್ಕು ಹೆಜ್ಜೆ ತೆಂಕಣಕ್ಕೆ ಮಲಯಾಳ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡರು, ಪದವಿ ಅರ್ಧಕ್ಕೆ ನಿಂತಿತು. ಮಂಜೇಶ್ವರಕ್ಕೆ ಬಂದವರು ಮನೆಯನ್ನೇ ಗ್ರಂಥಾಲಯ ಮಾಡಿಕೊಂಡು ಬದುಕಿಡೀ ಓದಿದರು. ಇಪ್ಪತ್ತೈದರಷ್ಟು ಭಾಷೆಗಳು ಅವರಿಗೆ ಗೊತ್ತಿದ್ದವು ಎಂಬ ಮಾತು ನಮ್ಮ ಕಡೆ ಮನೆಮಾತಾಗಿದೆ. ಅಷ್ಟು ಭಾಷೆಗಳನ್ನು ಒಳಗೆ ಬಿಟ್ಟುಕೊಂಡ ಮನುಷ್ಯ ಬರೆದದ್ದು ಮುಖ್ಯವಾಗಿ ಕನ್ನಡದಲ್ಲಿ.

ಅವರು ಕನ್ನಡ ಪದ್ಯಕ್ಕೆ ಮಾಡಿದ ಒಂದು ಕೆಲಸವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಪಂಪನಿಂದ ಹಿಡಿದು ಸಾವಿರ ವರ್ಷ ಕನ್ನಡ ಪದ್ಯಕ್ಕೆ ದ್ವಿತೀಯಾಕ್ಷರ ಪ್ರಾಸ ಕಟ್ಟುನಿಟ್ಟು. ಮೊದಲ ಸಾಲಿನ ಎರಡನೆಯ ಅಕ್ಷರದಲ್ಲಿ ಯಾವ ವ್ಯಂಜನ ಬಂದಿತೋ ಪದ್ಯದ ಪ್ರತಿ ಸಾಲಿನಲ್ಲೂ ಅದೇ ಜಾಗದಲ್ಲಿ ಅದೇ ವ್ಯಂಜನ ಬರಬೇಕು. ಕೇಳಲು ಇಂಪು, ಆದರೆ ಕವಿ ಹೇಳಬೇಕೆಂದದ್ದನ್ನು ಬಿಟ್ಟು ಪ್ರಾಸ ಕರೆದಲ್ಲಿಗೆ ಹೋಗಬೇಕಾಗುತ್ತದೆ. 1911ರ ಹೊತ್ತಿಗೆ ಗೋವಿಂದ ಪೈ ಅದನ್ನು ಬಿಟ್ಟರು. ಪಂಡಿತರು ಕೆರಳಿದರು, ಕನ್ನಡದ ಕತ್ತು ಕೊಯ್ದಂತೆ ಮಾತಾಡಿದರು. ಅವರು ಹಿಂದೆ ಸರಿಯಲಿಲ್ಲ. ಹೊಸಗನ್ನಡ ಕವಿತೆ ಉಸಿರಾಡಲು ಆ ಬಾಗಿಲು ತೆರೆಯಲೇಬೇಕಾಗಿತ್ತು.

ನನಗೆ ಇದರಲ್ಲಿ ಒಂದು ಹೋಲಿಕೆ ಕಾಣುತ್ತದೆ. ದ್ವಿತೀಯಾಕ್ಷರ ಪ್ರಾಸ ಎಂದರೆ ಪದ್ಯದ ಅಡ್ಡಹೆಸರು. ಪ್ರತಿ ಸಾಲೂ ಹಿಂದಿನ ಸಾಲಿನಿಂದ ಪಡೆದು ಮುಂದಿನ ಸಾಲಿಗೆ ದಾಟಿಸುವ ಒಂದು ಅಕ್ಷರ. ತಂದೆಯಿಂದ ಮಗನಿಗೆ ಪೈ ಬರುವ ಹಾಗೆ. ಆ ಅಕ್ಷರವನ್ನು ಗೋವಿಂದ ಪೈ ಕೈಬಿಟ್ಟರು, ಆದರೆ ಛಂದಸ್ಸನ್ನು ಬಿಡಲಿಲ್ಲ, ಹಳಗನ್ನಡವನ್ನು ಬಿಡಲಿಲ್ಲ. ಅವರ ಪದ್ಯ ಓದಲು ಇವತ್ತಿಗೂ ನಿಘಂಟು ಬೇಕಾಗುತ್ತದೆ. ಒಂದು ಕಟ್ಟು ಕಳಚಿದವರು ಬಾಕಿ ಹೊರೆಯನ್ನೆಲ್ಲ ಹೆಗಲ ಮೇಲೆ ಇಟ್ಟುಕೊಂಡೇ ನಡೆದರು.

ಬರೆದದ್ದರಲ್ಲಿ ಅವರು ಯಾರನ್ನು ಕರೆದು ಕೂರಿಸಿದರು ನೋಡಿ. ‘ಗೊಲ್ಗೊಥಾ’ದಲ್ಲಿ ಕ್ರಿಸ್ತನ ಕೊನೆಯ ದಿನ. ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನ. ‘ಹೆಬ್ಬೆರಳು’ ನಾಟಕದಲ್ಲಿ ಏಕಲವ್ಯ. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳನ್ನು ಹುಡುಕಿದರು. ಮಂಜೇಶ್ವರದ ಅನಂತೇಶ್ವರ ದೇವಸ್ಥಾನದ ಗಂಟೆ ಕೇಳುವ ಊರಿನಲ್ಲಿ ಕೂತು ಯೆರೂಸಲೇಮಿನ ಶುಕ್ರವಾರವನ್ನು ಅಷ್ಟು ಆರ್ತವಾಗಿ ಕಂಡ ಕವಿ. ಅನ್ಯ ಧರ್ಮದವರ ದೇವರ ಬಗ್ಗೆ ಬರೆಯಲು ನಾಡಿಗೆ ಧೈರ್ಯ ಹೇಳಿಕೊಡಬೇಕಾದ ಸ್ಥಿತಿ ಬಂದಾಗಲೆಲ್ಲ ನನಗೆ ಆ ಮನೆಯ ಜಗಲಿ ನೆನಪಾಗುತ್ತದೆ.

1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿ ಎಂದು ಕರೆಯಿತು. ಕನ್ನಡಕ್ಕೆ ಆ ಬಿರುದು ಮೊದಲು ಬಂದದ್ದು ಅವರ ಮೂಲಕ. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಐದು ವರ್ಷ ಕಳೆದು, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದೇ ದಿನ ಮಂಜೇಶ್ವರ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕನ್ನಡದ ಮೊದಲ ರಾಷ್ಟ್ರಕವಿಯ ಮನೆ ಕನ್ನಡ ರಾಜ್ಯದ ಹೊರಗೆ ಉಳಿಯಿತು. 1963ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಳ್ಳುವವರೆಗೂ ಆ ನೋವು ಅವರನ್ನು ಬಿಡಲಿಲ್ಲ. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿದಾಗ ಅದನ್ನು ಕೇಳಲು ಅವರಿರಲಿಲ್ಲ. ಹೇಳಿದ್ದು ಜಾರಿಗೂ ಬರಲಿಲ್ಲ.

ಇಲ್ಲೇ ಇನ್ನೊಬ್ಬ ಪೈಯವರ ಹೆಸರು ಬರುತ್ತದೆ. ಕನ್ನಡ ವೇದಿಕೆಗಳಲ್ಲಿ ಆ ಹೆಸರನ್ನು ಯಾರೂ ಎತ್ತುವುದಿಲ್ಲ. ಬ್ಯಾರಿಸ್ಟರ್ ನಾಥ್ ಪೈ. ಕೊಂಕಣ ತೀರದ ವೆಂಗುರ್ಲೆಯಲ್ಲಿ 1922ರಲ್ಲಿ ಹುಟ್ಟಿದವರು. 1942ರ ಚಳವಳಿಯಲ್ಲಿ ಜೈಲು ಕಂಡರು, ಇಂಗ್ಲೆಂಡಿನಲ್ಲಿ ಕಾನೂನು ಓದಿದರು, ಸಮಾಜವಾದಿಯಾಗಿ ರಾಜಾಪುರದಿಂದ 1957, 1962, 1967ರಲ್ಲಿ ಮೂರು ಸಲ ಲೋಕಸಭೆಗೆ ಗೆದ್ದರು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಎಂಬ ಹೋರಾಟದಲ್ಲಿ ಅವರದು ದೊಡ್ಡ ದನಿ. 1971ರ ಜನವರಿ 17ರಂದು ಬೆಳಗಾವಿಯಲ್ಲಿ ಆ ಹೋರಾಟದ ಹುತಾತ್ಮರ ಸಭೆಯಲ್ಲಿ ಮಾತಾಡಿದರು. ಆ ರಾತ್ರಿ ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ನಲವತ್ತೆಂಟು ವರ್ಷ.

ಬೆಳಗಾವಿಯ ವಿಷಯದಲ್ಲಿ ನನ್ನ ನಿಲುವು ನಿಮ್ಮೆಲ್ಲರದೇ. ಆ ಊರು ಕರ್ನಾಟಕದ್ದು, ಮಹಾಜನ ಆಯೋಗವೂ ಹಾಗೆಯೇ ಹೇಳಿತು. ಆದರೂ ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡುವಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಅರಬ್ಬೀ ಸಮುದ್ರದ ಒಂದೇ ಕರೆ, ಒಂದೇ ಅಡ್ಡಹೆಸರು. ತೆಂಕಣ ಗಡಿಯಲ್ಲಿ ಒಬ್ಬರು ಕನ್ನಡಕ್ಕಾಗಿ ಕೊರಗಿ ಸತ್ತರು, ಬಡಗಣ ಗಡಿಯಲ್ಲಿ ಇನ್ನೊಬ್ಬರು ಮರಾಠಿಗಾಗಿ ಕೂಗಿ ಸತ್ತರು. ಹೆಸರು ಯಾರನ್ನೂ ಯಾವ ಕಡೆಗೂ ಕಟ್ಟಿಹಾಕಲಿಲ್ಲ. ಬೆಳೆದ ನೆಲ, ಓದಿದ ಶಾಲೆ, ಜೊತೆಗಿದ್ದ ಜನ ಇವರನ್ನು ಆ ಕಡೆ ಈ ಕಡೆ ನಿಲ್ಲಿಸಿದವು.

ಇವರಿಬ್ಬರ ನಡುವೆ ಯಾರೂ ಎಣಿಸದ ಇನ್ನೊಂದು ಎಳೆಯೂ ಇದೆ. 1967ರ ಗೋಲಕ್‌ನಾಥ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮೂಲಭೂತ ಹಕ್ಕುಗಳನ್ನು ಮೊಟಕು ಮಾಡುವ ಅಧಿಕಾರ ಸಂಸತ್ತಿಗಿಲ್ಲ ಎಂದಿತು. ಸಂಸತ್ತಿಗೆ ಆ ಅಧಿಕಾರ ಇರಬೇಕು ಎಂದು ಖಾಸಗಿ ಮಸೂದೆ ತಂದವರು ನಾಥ್ ಪೈ. ಮಸೂದೆ ಕಾಯಿದೆಯಾಗುವ ಮೊದಲೇ ಅವರು ಹೋದರು. ಅವರೆತ್ತಿದ ಪ್ರಶ್ನೆಗೆ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪಿನಲ್ಲಿ ಉತ್ತರ ಬಂತು. ತಿದ್ದುಪಡಿ ಮಾಡಬಹುದು, ಸಂವಿಧಾನದ ಮೂಲ ರಚನೆಯನ್ನು ಮುಟ್ಟಬಾರದು. ಆ ಮೊಕದ್ದಮೆ ಹೂಡಿದವರು ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಎಡನೀರು ಇರುವುದು ಕಾಸರಗೋಡಿನಲ್ಲಿ, ಗೋವಿಂದ ಪೈಗಳು ಕಳೆದುಕೊಂಡ ಅದೇ ನೆಲದಲ್ಲಿ.

ಉಳಿದವರನ್ನು ಬೇಗ ಹೇಳುತ್ತೇನೆ, ಅವರು ಕಡಿಮೆಯೆಂದಲ್ಲ, ಹೊತ್ತು ಕಡಿಮೆ. ಮಡಗಾಂವಿನ ಲಕ್ಷ್ಮಣ ಪೈ (1926–2021) ಪ್ಯಾರಿಸಿನಲ್ಲಿ ಹತ್ತು ವರ್ಷ ಇದ್ದು ಗೋವೆಯ ಹಸಿರನ್ನೂ ಹಾಡಿನ ರಾಗಗಳನ್ನೂ ಬಣ್ಣಕ್ಕೆ ತಂದ ಕಲಾವಿದರು, ಪದ್ಮಭೂಷಣರು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಅಜಿತ್ ಪೈ 2017ರಿಂದ 2021ರವರೆಗೆ ಅಲ್ಲಿನ ಸಂಪರ್ಕ ಆಯೋಗದ ಅಧ್ಯಕ್ಷರಾಗಿದ್ದರು. ಅಂತರಜಾಲದ ಸಮಾನ ಬಳಕೆಯ ನಿಯಮವನ್ನು ಅವರು ತೆಗೆದುಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಒಂದಕ್ಷರದ ಈ ಹೆಸರು ಅಷ್ಟು ದೂರ ಹೋಗಿದೆ ಎಂಬುದಕ್ಕೆ ಅವರೇ ಸಾಕ್ಷಿ.

ಮಕ್ಕಳ ‘ಅಂಕಲ್ ಪೈ’ ಬಗ್ಗೆ ಇನ್ನೂ ನಾಲ್ಕು ಮಾತು. ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಮುಂಬಯಿ ಸೇರಿದರು. 1967ರಲ್ಲಿ ದೆಹಲಿಯ ಟಿವಿ ಕಾರ್ಯಕ್ರಮವೊಂದರಲ್ಲಿ ಗ್ರೀಸಿನ ದೇವತೆಗಳ ಬಗ್ಗೆ ಪಟಪಟನೆ ಹೇಳಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ತಡಬಡಿಸಿದ್ದನ್ನು ಕಂಡರು. ಅಲ್ಲಿಂದ ‘ಅಮರ ಚಿತ್ರ ಕಥಾ’ದ ಕೃಷ್ಣ ಬಂದ, 1980ರಲ್ಲಿ ‘ಟಿಂಕಲ್’ ಬಂತು. ಪುರಾಣದ ಎಷ್ಟೋ ಕವಲುಗಳು ಆ ಮೂವತ್ತೆರಡು ಪುಟಗಳಲ್ಲಿ ನೇರ್ಪಾಗಿ ಒಂದೇ ಕತೆಯಾದವು ಎಂಬ ದೂರು ಇದೆ, ಆ ದೂರು ಸರಿ. ಯಕ್ಷಗಾನ ನೋಡಿ ಬೆಳೆದವನಿಗೆ ಕರ್ಣನಿಗೂ ರಾವಣನಿಗೂ ಎಷ್ಟು ಮುಖಗಳಿವೆ ಎಂದು ಗೊತ್ತು. ಆದರೆ ಯಕ್ಷಗಾನದ ಆಟ ಇಲ್ಲದ ಊರಿನ ಮಗುವಿಗೆ ಮೊದಲ ಬಾಗಿಲು ಆ ಪುಸ್ತಕವೇ ಆಗಿತ್ತು ಎಂಬುದನ್ನು ಅಲ್ಲಗಳೆಯಲು ನನ್ನಿಂದಾಗದು.

ಗೋವಿಂದ ಪೈಗಳ ಪುಸ್ತಕಗಳು ಏನಾದವು ಎಂದು ಕೆಲವರು ಕೇಳುವುದುಂಟು. ಅವು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಬಂದವು. ಆ ಕಾಲೇಜನ್ನು 1949ರಲ್ಲಿ ತೆರೆದವರು ಡಾಕ್ಟರ್ ಟಿ. ಎಂ. ಎ. ಪೈ. ಅಲ್ಲೇ ಗೋವಿಂದ ಪೈ ಹೆಸರಿನ ಸಂಶೋಧನ ಕೇಂದ್ರವಾಯಿತು. ಆ ಕೇಂದ್ರ ಕೈಗೆತ್ತಿಕೊಂಡ ದೊಡ್ಡ ಕೆಲಸ ತುಳು ನಿಘಂಟು. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳು. ಕೊಂಕಣಿ ಮನೆಯ ಕನ್ನಡ ಕವಿಯ ಹೆಸರಿನಲ್ಲಿ ತುಳುವರ ಮಾತಿಗೆ ಕಣಜ. ಕೋಳಿ ಅಂಕದಿಂದ ಭೂತಕೋಲದವರೆಗೆ, ಗದ್ದೆಯ ಕಳೆಯಿಂದ ಮೀನಿನ ಬಲೆಯವರೆಗೆ, ಬರಹದಲ್ಲಿ ಕಾಣದೆ ಬಾಯಲ್ಲೇ ಬದುಕಿದ್ದ ಶಬ್ದಗಳು ಅಲ್ಲಿ ಸಾಲಾಗಿ ಕೂತಿವೆ. ನಾನು ಅದರ ಸಂಪುಟಗಳನ್ನು ತಿರುವಿ ಹಾಕುತ್ತಾ ಇಡೀ ಮಧ್ಯಾಹ್ನ ಕಳೆದಿದ್ದೇನೆ. ಊಟ ಮರೆತದ್ದೂ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ನೀವು ಗಮನಿಸಿರಬಹುದು, ನಾನು ಹೇಳಿದ ಪೈಗಳೆಲ್ಲ ಗಂಡಸರು. ‘ತರಂಗ’ದ ಸಂಪಾದಕಿ ಸಂಧ್ಯಾ ಎಸ್. ಪೈ ಅವರಂತೆ ಮದುವೆಯಾಗಿ ಈ ಹೆಸರಿಗೆ ಬಂದವರಿದ್ದಾರೆ. ಹುಟ್ಟಿನಿಂದ ಪೈಗಳಾದ ಹೆಂಗಸರು ಎಲ್ಲಿ? ಅವರು ಕಾಮತ್ ಆದರು, ಶೆಣೈ ಆದರು, ಪ್ರಭು ಆದರು, ನಾಯಕ್ ಆದರು. ನಮ್ಮ ಸಮಾಜದಲ್ಲಿ ಬರೀ ಅಡ್ಡಹೆಸರಲ್ಲ, ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಾಯಿಸಿ ಹೊಸ ಹೆಸರಿಡುವ ಪದ್ಧತಿಯಿತ್ತು. ಇಪ್ಪತ್ತು ವರ್ಷ ಒಂದು ಹೆಸರಿಗೆ ಓಗೊಟ್ಟವಳು ಆ ಸಂಜೆಯಿಂದ ಇನ್ನೊಂದಕ್ಕೆ ಓಗೊಡಬೇಕು. ಇಂಥ ಪಟ್ಟಿಗಳನ್ನು ಮಾಡುವಾಗ ಅರ್ಧ ಜನ ಹೀಗೆ ಸೋರಿಹೋಗುತ್ತಾರೆ, ಸೋರಿಹೋದದ್ದು ಗೊತ್ತೂ ಆಗುವುದಿಲ್ಲ.

ನನ್ನ ಅಮ್ಮ ಹುಟ್ಟಿದ್ದು ಪೈ ಆಗಿ. ಮದುವೆಯಲ್ಲಿ ಅವಳ ಎರಡು ಹೆಸರುಗಳೂ ಹೋದವು. ರೇಷನ್ ಕಾರ್ಡು, ಮತದಾರರ ಪಟ್ಟಿ, ನಮ್ಮ ಶಾಲೆಯ ದಾಖಲೆ, ಎಲ್ಲ ಕಡೆ ಹೊಸ ಹೆಸರೇ. ಪಿಗ್ಮಿಯನ್ನು ಮಾತ್ರ ಅವಳು ಮದುವೆಗೆ ಮೊದಲೇ, ತವರಿನ ಊರಿನ ಸೊಸೈಟಿಯಲ್ಲಿ ಶುರುಮಾಡಿದ್ದಳು. ಗಂಡನ ಮನೆಗೆ ಬಂದ ಮೇಲೂ ಅದನ್ನು ಬಿಡಲಿಲ್ಲ, ಹೆಸರನ್ನೂ ಬದಲಾಯಿಸಲಿಲ್ಲ. ಗೇಟಿನಲ್ಲಿ ಬೆಲ್ ಬಾರಿಸಿದ ಆ ಮನುಷ್ಯ ದಿನವೂ ಬರೆಯುತ್ತಿದ್ದದ್ದು ನಮಗೆ ಯಾರಿಗೂ ಗೊತ್ತಿಲ್ಲದ ಒಬ್ಬಳ ಕಾರ್ಡಿನಲ್ಲಿ. ಅವಳು ತೀರಿಕೊಂಡ ಮೇಲೆ ಖಾತೆ ಮುಚ್ಚಲು ಹೋದೆ. ಹೆಸರು ತಾಳೆಯಾಗಲಿಲ್ಲ. ಇಪ್ಪತ್ತು ರೂಪಾಯಿಯ ಛಾಪಾ ಕಾಗದ ತಂದು, ಇಂಥ ಪೈ ಮತ್ತು ನನ್ನ ತಾಯಿ ಒಬ್ಬರೇ ಎಂದು ನೋಟರಿಯ ಮುಂದೆ ಬರೆದುಕೊಟ್ಟೆ. ಅವಳ ಹುಟ್ಟುಹೆಸರನ್ನು ನಾನು ಪೂರ್ತಿಯಾಗಿ ಕೈಯಾರೆ ಬರೆದದ್ದು ಅದೇ ಮೊದಲು.